ಬುಸೈತೀನಿನ ಕ್ವಾರ್ಟರ್‌ಬ್ಯಾಕ್

ನನ್ನ ಸೋದರಮಾವನಿಗೆ ಚೆಂಡು ಎಸೆಯಲು ಬರುವುದಿಲ್ಲ. ಹಿಡಿಯಲಂತೂ ಮೊದಲೇ ಬರುವುದಿಲ್ಲ. ಓಡಿದರೆ ಕನ್ನಡಕ ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ. ಆದರೂ ಅಮೆರಿಕದ ಯಾವ ಫುಟ್‌ಬಾಲ್ ತಂಡವೂ ತಮ್ಮನ್ನು ಇನ್ನೂ ಕರೆಯದೇ ಇರುವುದು ಆ ದೇಶದ ದುರದೃಷ್ಟ ಎಂದು ಅವರು ಗಟ್ಟಿಯಾಗಿ ನಂಬಿದ್ದಾರೆ! ವಯಸ್ಸು ಐವತ್ತಾರು. ಉದ್ಯೋಗ ಬಹ್ರೇನಿನ ಒಂದು ಏಸಿ ಕಂಪನಿಯಲ್ಲಿ ಸ್ಟೋರ್ ಕೀಪರ್.

ಈ ಹುಚ್ಚು ಹತ್ತಿಸಿದ್ದು ಅವರ ಕಂಪನಿಯಲ್ಲಿದ್ದ ಒಬ್ಬ ಅಮೆರಿಕದ ಎಂಜಿನಿಯರ್. ಊರಿಗೆ ವಾಪಸು ಹೋಗುವಾಗ ಆತ ಮಾವನಿಗೆ ಎರಡೂ ತುದಿ ಚೂಪಾದ ಒಂದು ಕಂದು ಚೆಂಡನ್ನೂ, ಆ ದೇಶದವರು ಕೈಯಲ್ಲಿ ಎಸೆದು ಆಡುವ ಫುಟ್‌ಬಾಲಿನ ಹಳೆಯ ಪಂದ್ಯಗಳನ್ನು ತುಂಬಿಸಿದ ಒಂದು ಪೆನ್‌ಡ್ರೈವನ್ನೂ ಕೊಟ್ಟು ಹೋದ. ಬೇರೆ ಯಾರಾದರೂ ಆಗಿದ್ದರೆ ಚೆಂಡನ್ನು ಶೋಕೇಸಿನಲ್ಲಿಟ್ಟು ಸುಮ್ಮನಾಗುತ್ತಿದ್ದರು. ಮಾವ ಪೆನ್‌ಡ್ರೈವ್ ತೆರೆದು ನೋಡಿದರು. ಕತೆ ಅಲ್ಲಿಂದ ಶುರು.

ಪುತ್ತೂರಿನಿಂದ ನಾನು ಬಹ್ರೇನಿಗೆ ಕೆಲಸಕ್ಕೆಂದು ಬಂದು ಬುಸೈತೀನ್ ಊರಿನ ಅವರ ಮನೆಯಲ್ಲಿ ಇಳಿದ ಮರುದಿನವೇ ನನಗೆ ಪಾಠ ಆಯಿತು. ಬೆಳಗಿನ ತಿಂಡಿಯ ಹೊತ್ತು. ಮಾವ ತಟ್ಟೆಯಲ್ಲಿ ಐದು ಇಡ್ಲಿಗಳನ್ನು ಸಾಲಾಗಿ ನಿಲ್ಲಿಸಿದರು.

"ಇದು ನಮ್ಮ ಕಡೆಯ ದಾಂಡಿಗರು. ಎದುರಿಗಿರುವ ಉದ್ದಿನ ವಡೆ ಉಂಟಲ್ಲ, ಅದು ಶತ್ರುಗಳು. ಇಡ್ಲಿ ಹಿಂದೆ ನಿಂತ ಈ ಚಮಚವೇ ಕ್ವಾರ್ಟರ್‌ಬ್ಯಾಕ್. ಚೆಂಡು ಇವನ ಕೈಯಲ್ಲಿ. ವಡೆಗಳು ಇವನನ್ನು ಅಪ್ಪಚ್ಚಿ ಮಾಡ್ಲಿಕ್ಕೆ ನುಗ್ಗಿ ಬರ್ತವೆ. ಇವನಿಗೆ ಸಿಗುವುದು ಬರೀ ಮೂರು ಸೆಕೆಂಡ್ ಮಾರಾಯ್ತಿ! ಅಷ್ಟರೊಳಗೆ ಇಡೀ ಮೈದಾನ ನೋಡ್ಬೇಕು, ತನ್ನವರಲ್ಲಿ ಯಾರು ಖಾಲಿ ನಿಂತಿದ್ದಾರೆ ಅಂತ ಕಾಣ್ಬೇಕು, ಚೆಂಡು ಎಸೀಬೇಕು."

"ಎಸೆಯದಿದ್ದರೆ?"

ಮಾವ ಒಂದು ವಡೆ ಎತ್ತಿ ಚಮಚದ ಮೇಲೆ ಕುಕ್ಕಿದರು. ಚಟ್ನಿ ನನ್ನ ಹೊಸ ಚೂಡಿದಾರದ ಮೇಲೆ ಹಾರಿತು. ಅಡುಗೆಮನೆಯಿಂದ ಬಂದ ಅತ್ತೆ ಒಂದು ಕ್ಷಣ ಈ ರಣರಂಗವನ್ನು ನೋಡಿ, ಏನೂ ಆಗದವರ ಹಾಗೆ ಕೇಳಿದರು: "ನಿಮ್ಮ ದಾಂಡಿಗರಿಗೆ ಸ್ವಲ್ಪ ಸಾಂಬಾರ್ ಹಾಕ್ಲಾ?"

ಅಭ್ಯಾಸ ನಡೆಯುತ್ತಿದ್ದುದು ಮನೆಯ ಹಿಂದಿನ ಅಂಗಳದಲ್ಲಿ. ಗೋಡೆಯ ಮೊಳೆಗೆ ಒಂದು ಹಳೆಯ ಟಯರು ಕಟ್ಟಿ, ಅದರ ತೂತಿನೊಳಗೆ ಚೆಂಡು ಹೋಗಬೇಕೆಂದು ಮಾವ ಎಸೆಯುತ್ತಿದ್ದರು. ಚೆಂಡು ಟಯರೊಂದನ್ನು ಬಿಟ್ಟು ಬೇರೆಲ್ಲ ಕಡೆಗೂ ಹೋಗುತ್ತಿತ್ತು. ಒಣಹಾಕಿದ ಸೀರೆಯ ಮಡಿಕೆಗೆ, ನೀರಿನ ಟ್ಯಾಂಕಿನ ಹಿಂದಕ್ಕೆ, ಒಮ್ಮೆ ಪಕ್ಕದ ಮನೆಯವರ ಬಿರಿಯಾನಿ ಪಾತ್ರೆಯ ಮುಚ್ಚಳಕ್ಕೆ! ಕೊನೆಗೆ ಒಂದು ಶುಕ್ರವಾರ ಅದು ಕೆಳಗಿನ ಮನೆಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಮಾಲೀಕರ ಕಿಟಕಿಗೆ ಬಡಿಯಿತು. ಅವರು ಎಪ್ಪತ್ತು ದಾಟಿದ ಬಹ್ರೇನಿ ಹಿರಿಯರು. ನಾವೆಲ್ಲ 'ಹಾಜಿ' ಎಂದೇ ಕರೆಯುತ್ತಿದ್ದೆವು. ಬಿಳಿ ನಿಲುವಂಗಿಯಲ್ಲಿ ಹೊರಬಂದ ಹಾಜಿ ಚೆಂಡನ್ನು ಎತ್ತಿಕೊಂಡರು. ಮುಖದಲ್ಲಿ ನಗುವಿಲ್ಲ.

"ಕ್ಯಾ ಹೈ ಯೇ?"

"ಸಾರಿ ಹಾಜಿ, ಖಲಾಸ್, ಇನ್ನು ಮುಂದೆ ಇಲ್ಲ," ಎಂದು ಮಾವ ಇಂಗ್ಲಿಷ್, ಅರಬ್ಬಿ, ಕನ್ನಡ ಮೂರನ್ನೂ ಕಲಸಿ ಉತ್ತರಿಸಿದರು.

ಹಾಜಿ ಚೆಂಡನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿದರು. ಬೆರಳುಗಳನ್ನು ಅದರ ಹೊಲಿಗೆಯ ಮೇಲಿಟ್ಟರು. ತೋಳನ್ನು ಹಿಂದೆ ಎಳೆದು ಬಿಟ್ಟರು ನೋಡಿ! ಚೆಂಡು ಬುಗುರಿಯಂತೆ ತಿರುಗುತ್ತಾ ಅಂಗಳವನ್ನು ದಾಟಿ ಟಯರಿನ ನಟ್ಟನಡುವೆ ತೂರಿಹೋಯಿತು. ಮಾವನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಫೋರ್ ಇಯರ್, ಅಮೆರಿಕಾ, ಕಾಲೇಜ್," ಎಂದು ಹಾಜಿ ಸಮಾಧಾನವಾಗಿ ಹೇಳಿ, "ಚಾಯ್ ಹೈ?" ಎಂದು ಕೇಳಿದರು.

ಅಂದಿನಿಂದ ಪ್ರತಿ ಶುಕ್ರವಾರ ಹಾಜಿ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಮಾವನ ಜತೆ ಹಳೆಯ ಪಂದ್ಯ ನೋಡತೊಡಗಿದರು. ಇಬ್ಬರೂ ಸೇರಿ ಒಳ್ಳೆಯ ಕ್ವಾರ್ಟರ್‌ಬ್ಯಾಕಿಗೆ ಏನು ಬೇಕು ಎಂದು ಚರ್ಚಿಸುತ್ತಿದ್ದರು. ತೋಳಿನ ಬಲವೇ? ಎತ್ತರವೇ? ಓಟವೇ? ಹಾಜಿ ಕಣ್ಣು ಎನ್ನುತ್ತಿದ್ದರು. ಮಾವ ತಲೆ ಎನ್ನುತ್ತಿದ್ದರು. ಅತ್ತೆ ಮಾತ್ರ, "ಬೇರೆ ಕೆಲಸ ಇಲ್ಲದಿರುವುದು," ಎನ್ನುತ್ತಿದ್ದರು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರ ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಕೆಲಸ ಸಿಕ್ಕಿತ್ತು. ಆದರೆ ಆರು ತಿಂಗಳೊಳಗೆ ಡ್ರೈವಿಂಗ್ ಲೈಸೆನ್ಸ್ ಆಗಬೇಕು, ಇಲ್ಲದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ, ಪುತ್ತೂರಿಗೆ ಟಿಕೆಟ್ ಮಾತ್ರ. ನಾನೋ, ಊರಿನಲ್ಲಿ ಸ್ಕೂಟಿಯನ್ನೂ ತಳ್ಳಿಕೊಂಡು ಹೋಗುತ್ತಿದ್ದವಳು! ಇಲ್ಲಿಯೋ, ಗಾಡಿಗಳೆಲ್ಲ ಓಡುವುದು ರಸ್ತೆಯ ಬಲಬದಿಯಲ್ಲಿ.

ಮೊದಲನೆಯ ಟೆಸ್ಟಿನಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ಮುತ್ತಿಕ್ಕಿದೆ. ಎರಡನೆಯದರಲ್ಲಿ ರೌಂಡ್‌ಅಬೌಟಿಗೆ ಬಂದು ಇಲ್ಲಿನ ನಿಯಮದಂತೆ ಎಡದಿಂದ ಬಂದವರಿಗೆಲ್ಲ ದಾರಿ ಬಿಟ್ಟೆ. ಬಿಟ್ಟೆ, ಬಿಟ್ಟೆ, ಇನ್ನೂ ಬಿಟ್ಟೆ. ಪಕ್ಕದಲ್ಲಿದ್ದ ಪರೀಕ್ಷಕರು ಗಡಿಯಾರ ನೋಡಿ, "ಸಿಸ್ಟರ್, ಮನೆಗೆ ಹೋಗುವ ಯೋಚನೆ ಉಂಟಾ?" ಎಂದು ಹಿಂದಿಯಲ್ಲಿ ಕೇಳಿದರು. ಮೂರನೆಯ ಸಲ ತಿರುವಿನಲ್ಲಿ ಇಂಡಿಕೇಟರ್ ಹಾಕುವ ಬದಲು ವೈಪರ್ ಹಾಕಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು!

ಆ ದಿನ ಟೆಸ್ಟ್ ನಡೆಯುವ ಈಸಾ ಟೌನಿನಿಂದ ಟ್ಯಾಕ್ಸಿಯಲ್ಲಿ ಅಳುತ್ತಲೇ ಮನೆಗೆ ಬಂದೆ. ಮಾವ ಟಿವಿ ನಿಲ್ಲಿಸಿದರು. ಅದೇ ದೊಡ್ಡ ಸುದ್ದಿ.

"ನೋಡು ಮಗಳೇ, ಹಾಜಿ ಕಣ್ಣು ಅಂತಾರೆ, ಅದೆಲ್ಲ ಆಮೇಲೆ. ಕ್ವಾರ್ಟರ್‌ಬ್ಯಾಕಿಗೆ ಮೊದಲು ಬೇಕಾದದ್ದು ಮರೆವು. ಎಸೆದ ಚೆಂಡು ಎದುರಾಳಿ ಕೈಗೆ ಹೋಯ್ತು. ಎಂಬತ್ತು ಸಾವಿರ ಜನ ಬೊಬ್ಬೆ ಹಾಕಿ ಬೈತಾರೆ. ಐದು ನಿಮಿಷದಲ್ಲಿ ಅವನು ಪುನಃ ಬಂದು ನಿಲ್ಲಬೇಕು. ಹಿಂದಿನದ್ದು ತಲೆಯಲ್ಲಿಟ್ಟುಕೊಂಡ್ರೆ ಕೈ ನಡುಗ್ತದೆ. ಮರ್ತುಬಿಟ್ಟವನು ಮಾತ್ರ ಗೆಲ್ತಾನೆ."

"ಹಾಗಾದ್ರೆ ನೀವು ಹುಟ್ಟು ಕ್ವಾರ್ಟರ್‌ಬ್ಯಾಕ್," ಎಂದರು ಅತ್ತೆ. "ಮೊನ್ನೆ ಹೇಳಿದ ಹಾಲು ಇನ್ನೂ ಬರ್ಲಿಲ್ಲ."

ಮರುದಿನದಿಂದ ತರಬೇತಿ. ಕಾರಿನಲ್ಲಲ್ಲ, ನಡುಮನೆಯಲ್ಲಿ! ಕಾರಿನ ಪಾಠಕ್ಕೆ ಡ್ರೈವಿಂಗ್ ಮಾಸ್ತರರಿದ್ದರು. ಮನೆಯ ಕಾರು ಓಡಿಸುವುದು ಅತ್ತೆ, ಮಾವ ಹಿಂದೆ ಕೂತು ಹಾಡು ಕೇಳುವವರು. ನನ್ನನ್ನು ಊಟದ ಕುರ್ಚಿಯಲ್ಲಿ ಕೂರಿಸಿ ಕೈಗೊಂದು ಸ್ಟೀಲ್ ತಟ್ಟೆ ಕೊಟ್ಟರು. ಅದೇ ಸ್ಟೇರಿಂಗ್. ಮಾವ ಬಲದಿಂದ, ಅತ್ತೆ ಎಡದಿಂದ, ಕೈಯಲ್ಲಿ ತಲೆದಿಂಬು ಹಿಡಿದು "ಹೋ!" ಎಂದು ಬೊಬ್ಬೆ ಹಾಕುತ್ತಾ ನನ್ನ ಮೇಲೆ ನುಗ್ಗುವುದು. ನಾನು ಕದಲದೆ, "ಕನ್ನಡಿ ನೋಡಿದೆ, ಇಂಡಿಕೇಟರ್ ಹಾಕಿದೆ, ಎಡಗಡೆ ಜಾಗ ಉಂಟು, ಹೋದೆ," ಎನ್ನಬೇಕು. ಶಾಲೆಯ ಟೀಚರಾದ ಅತ್ತೆ ಮೊದಮೊದಲು ನಾಚಿಕೊಂಡವರು ಮೂರನೆಯ ದಿನಕ್ಕೆ ದಿಂಬಿನಿಂದ ನನಗೆ ಹೊಡೆದ ರಭಸಕ್ಕೆ ಹತ್ತಿಯೇ ಹೊರಬಂತು. ಅವರೊಳಗೆ ಇಷ್ಟು ಸಿಟ್ಟು ಎಲ್ಲಿತ್ತೋ!

ಗದ್ದಲ ಕೇಳಿ ಹಾಜಿ ಮೇಲೆ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಇವರು ಮನೆ ಖಾಲಿ ಮಾಡಿ ಅನ್ನುತ್ತಾರೆ ಎಂದು ನಾನು ಎಣಿಸಿದೆ. ಹಾಜಿ ಚಪ್ಪಲಿ ಕಳಚಿ, ಸೋಫಾದ ಮೇಲಿನ ಅತಿ ದೊಡ್ಡ ದಿಂಬನ್ನು ಆರಿಸಿಕೊಂಡು, "ಯಲ್ಲಾ, ಶುರು ಕರೋ!" ಎಂದರು.

ನಾಲ್ಕನೆಯ ಟೆಸ್ಟಿನ ದಿನ ಮಾವ ರಜೆ ಹಾಕಿ ಜತೆಗೆ ಬಂದರು. ಕಂಕುಳಲ್ಲಿ ಚೆಂಡು. ಅವರನ್ನು ಗೇಟಿನ ಹೊರಗೆ ಬಿಟ್ಟು ನಾನು ಒಳಗೆ ಹೋದೆ. ರೌಂಡ್‌ಅಬೌಟಿಗೆ ಬಂದಾಗ ಒಂದು ಬಸ್ಸು, ಎರಡು ಲಾರಿ, ಲೆಕ್ಕವಿಲ್ಲದಷ್ಟು ಕಾರುಗಳು. ದಿಂಬು ಹಿಡಿದ ಮೂವರು ಮುದುಕರಿಗಿಂತ ಇವು ಹೆಚ್ಚೇನಲ್ಲ ಅನ್ನಿಸಿತು. ಜಾಗ ಕಂಡಿತು. ಹೋದೆ!

ಹೊರಗೆ ಬಂದಾಗ ಮಾವ ನನ್ನ ಮುಖವನ್ನೂ ನೋಡದೆ, "ಐದನೆಯ ಸಲ ಪಾಸಾದವರು ಎಷ್ಟೋ ಜನ ಇದ್ದಾರೆ..." ಎಂದು ಸಮಾಧಾನ ಶುರುಮಾಡಿದರು. ನಾನು ಕಾಗದವನ್ನು ಅವರ ಕನ್ನಡಕದ ಮುಂದೆ ಹಿಡಿದೆ. ಓದಿದರು. "ಪಾಸ್!" ಎಂದು ಕಿರುಚಿ, ಖುಷಿಯಲ್ಲಿ ಚೆಂಡನ್ನು ಬೀಸಿ ಎಸೆದರು. ಅದು ಆಕಾಶಕ್ಕೆ ಏರಿ, ಬುಗುರಿಯಂತೆ ತಿರುಗಿ, ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಪಿಕಪ್ಪಿನಲ್ಲಿ ಈರುಳ್ಳಿ ಮೂಟೆಗಳ ನಡುವೆ ಮೆತ್ತಗೆ ಕೂತಿತು. ಪಿಕಪ್ ನಿಲ್ಲಲಿಲ್ಲ. ಓಡುವವನ ಕೈಗೆ ಸರಿಯಾಗಿ ಮುಟ್ಟಿದ ಮಾವನ ಮೊದಲ ಎಸೆತ ಅದು. ಕೊನೆಯದೂ ಹೌದು!

ಆ ವಾರ ಅತ್ತೆಯನ್ನು ಕೂರಿಸಿಕೊಂಡು ತರಕಾರಿ ತರಲು ಹೋದೆ. ನಾನೇ ಡ್ರೈವರ್. ಹೆಮ್ಮೆಯಿಂದ, "ಮಾವನಿಗೂ ಕಲಿಸುತ್ತೇನೆ ಅತ್ತೆ," ಎಂದೆ.

ಅತ್ತೆ ಖಾಲಿ ಚೀಲವನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು.

"ಅವರಿಗೆ ಬರ್ತದೆ. ಚೆಂದ ಓಡಿಸ್ತಿದ್ರು. ಒಂಬತ್ತು ವರ್ಷ ಆಯ್ತು, ನನ್ನನ್ನು ಶಾಲೆಯಿಂದ ಕರ್ಕೊಂಡು ಬರುವಾಗ ಎದುರಿನ ಸಾಲು ದಾಟಿ ಎಡಕ್ಕೆ ತಿರುಗಿಸಿದ್ರು. ಎದುರಿನ ಕಾರು ಬಂದದ್ದು ಕಾಣ್ಲಿಲ್ಲ. ನಾನು ಕೂತ ಬದಿಗೇ ಬಡಿಯಿತು. ಭುಜದ ಮೂಳೆ ಮುರೀತು, ಎರಡು ತಿಂಗಳಲ್ಲಿ ಸರಿ ಆಯ್ತು. ನಾನು ಯಾವಾಗಲೋ ಮರ್ತೆ. ಅವರು ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ಲೈಸೆನ್ಸ್ ಮಾತ್ರ ಮುಗಿದಾಗೆಲ್ಲ ರಿನ್ಯೂ ಮಾಡಿಸ್ತಾರೆ."

ಆ ಶುಕ್ರವಾರ ಬೆಳಿಗ್ಗೆ ಮೂವರೂ ಸಮುದ್ರದ ಬದಿಗೆ ಹೋದೆವು. ಖಾಲಿ ಮೈದಾನ. ನಾನು ಕಾರು ನಿಲ್ಲಿಸಿ, ಕೆಳಗಿಳಿದು, ಹಿಂದಿನ ಬಾಗಿಲು ತೆರೆದೆ.

"ಮಾವ, ಮುಂದೆ ಬನ್ನಿ."

"ಎಂತ ಮಾರಾಯ್ತಿ ಇದು? ಬೇಡ." ಮುಂದಿನ ಸೀಟಿನಲ್ಲಿದ್ದ ಅತ್ತೆಯ ಕಡೆ ನೋಡಿದರು. ಅತ್ತೆ ಸಮುದ್ರ ನೋಡುತ್ತಿದ್ದರು. ಮಾವ ಇಳಿದರು. ಡ್ರೈವರ್ ಸೀಟಿನಲ್ಲಿ ಕೂತು ಕನ್ನಡಿಯನ್ನು ಸರಿಪಡಿಸಿದರು, ಪುನಃ ಸರಿಪಡಿಸಿದರು. ಅತ್ತೆಗೆ, "ನೀನು ಇಳಿ. ಹಿಂದೆ ಕೂತ್ಕೋ," ಎಂದರು.

ಅತ್ತೆ ಇಳಿಯಲಿಲ್ಲ. ಬೆಲ್ಟ್ ಬಿಗಿಯಾಗಿದೆಯೇ ಎಂದು ಒಮ್ಮೆ ಎಳೆದು ನೋಡಿ, "ಹೋಗುವ," ಎಂದರು.

ಕಾರು ಹೊರಟಿತು. ನಡೆಯುವವರೂ ಹಿಂದೆ ಹಾಕುವಷ್ಟು ನಿಧಾನ. ಮೈದಾನಕ್ಕೆ ಒಂದು ಸುತ್ತು ಬಂದರು, ಎರಡು ಸುತ್ತು ಬಂದರು. ಮೂರನೆಯ ಸುತ್ತಿನಲ್ಲಿ ಎಡಗಡೆಯ ಇಂಡಿಕೇಟರ್ ಮಿನುಗಿತು. ಕಾರು ತುಂಬ ಹೊತ್ತು ಕಾದು, ಎಡಕ್ಕೆ ತಿರುಗಿ, ರಸ್ತೆಗೆ ಇಳಿದು ಹೋಗಿಯೇಬಿಟ್ಟಿತು.

ಕಾರು ಓಡಿಸಲೆಂದು ಕಳಚಿಟ್ಟಿದ್ದ ನನ್ನ ಚಪ್ಪಲಿ, ಪರ್ಸು, ಫೋನು ಎಲ್ಲ ಅದರೊಳಗೇ ಇತ್ತು. ಬರಿಗಾಲಲ್ಲಿ ಮನೆ ಮುಟ್ಟಲು ನನಗೆ ಅರ್ಧ ಗಂಟೆ ಬೇಕಾಯಿತು. ಅವರು ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ.