ಬಾಗಿಲ ಹಿಂದಿನ ಕಿಲ್ಟು

ನನ್ನ ಮೊಣಕಾಲುಗಳ ಬಗ್ಗೆ ನನ್ನ ಹೆಂಡತಿ ಇಶ್‌ಬೆಲ್‌ಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮದುವೆಯ ದಿನ ಬಾಡಿಗೆ ಕಿಲ್ಟಿನ, ಅಂದರೆ ನಮ್ಮ ಕಡೆ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಮೊಣಕಾಲುದ್ದದ ನೆರಿಗೆ ಬಟ್ಟೆಯ, ಕೆಳಗೆ ಅವನ್ನು ನೋಡಿದವಳು, ಮತ್ತೊಮ್ಮೆ ನೋಡುವ ಆಸೆ ತನಗಿಲ್ಲವೆಂದು ಅಂದೇ ಹೇಳಿಬಿಟ್ಟಳು. (ಮದುವೆ ಮುರಿಯಲಿಲ್ಲ, ಮೊಣಕಾಲು ಮಾತ್ರ ಮುಚ್ಚಿಕೊಂಡವು.) ಆಮೇಲೆ ನಾನು ಪ್ಯಾಂಟಿನ ಮನುಷ್ಯನಾಗಿಯೇ ಮುದುಕನಾದೆ.

ನನ್ನ ಗೆಳೆಯ ಲಾಕ್ಲನ್ ಹಾಗಲ್ಲ. ನಮ್ಮ ಬಂದರಿನಲ್ಲಿ ದಿನವೂ ಕಿಲ್ಟು ಉಡುತ್ತಿದ್ದವನು ಅವನೊಬ್ಬನೇ. ಆಲೂಗಡ್ಡೆ ಅಗೆಯುವಾಗ, ದೋಣಿಗೆ ಟಾರು ಬಳಿಯುವಾಗ, ಹಲ್ಲು ಕೀಳಿಸಿಕೊಳ್ಳಲು ಹೋಗುವಾಗಲೂ ಅದೇ. "ಮದುವೆಗೂ ಹೆಣಕ್ಕೂ ಮಾತ್ರ ಉಟ್ರೆ ಅದು ಬಟ್ಟೆಯಲ್ಲ ಮರ್ಡೋ, ವೇಷ" ಎನ್ನುತ್ತಿದ್ದ. ಕಳೆದ ಚಳಿಗಾಲ ಆಸ್ಪತ್ರೆಯಲ್ಲಿ, ಮಾತೇ ಕಷ್ಟವಾಗಿದ್ದಾಗ, ನನ್ನ ತೋಳು ಹಿಡಿದು ಹೇಳಿದ: "ನನ್ ಕಿಲ್ಟು ನಿಂಗೆ. ಸುಮ್ನೆ ಇಟ್ಕೋಬೇಡ. ಬ್ರೆಡ್ ತರೋಕೆ ಉಟ್ಕೊಂಡು ಹೋಗು." ಹೂಂ ಅಂದೆ. ಸಾಯುತ್ತಿರುವವನ ಎದುರು ಮೊಣಕಾಲಿನ ವಿಷಯ ತೆಗೆಯುವುದು ಹೇಗೆ?

ಅವನು ಹೋದ. ನಾನು ಕಿಟಕಿಯ ಬಳಿ ಕುಳಿತೆ. ಸಾವಿನ ಬಗ್ಗೆ ದೊಡ್ಡವರು ಬರೆದದ್ದನ್ನೆಲ್ಲ ತಕ್ಕಮಟ್ಟಿಗೆ ಓದಿದವನು ನಾನು. ಒಂದೂ ಉಪಯೋಗಕ್ಕೆ ಬರಲಿಲ್ಲ. ಅವರಾರಿಗೂ ಲಾಕ್ಲನ್‌ನ ಪರಿಚಯವಿರಲಿಲ್ಲ.

ಹಿಮ ಕರಗುವ ಹೊತ್ತಿಗೆ ಅವನ ಹೆಂಡತಿ ಎಫಿಯ ಫೋನು ಬಂತು. ಬಂದರಿನ ಹೋಟೆಲಿನವರು ಆ ಕಿಲ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರವಾಸಿಗಳಿಗೆ ತೋರಿಸಬೇಕೆಂದು ಕೇಳುತ್ತಿದ್ದರಂತೆ.

"ನೀನು ಉಡ್ತೀಯೋ, ಇಲ್ಲ ಅವರಿಗೆ ಕೊಟ್ಬಿಡ್ಲೋ?"

"ಉಡ್ತೀನಿ" ಎಂದೆ. ಗಾಜಿನೊಳಗೆ ಲಾಕ್ಲನ್ ಉಸಿರುಗಟ್ಟಿದ ಹಾಗೆ ಕಂಡಿತು.

"ಹಾಗಾದ್ರೆ ಬಂದು ತಗೊಂಡ್ಹೋಗು. ನಾನು ತಂಗಿ ಮನೇಗೆ ಹೊರಟಿದೀನಿ, ಬೀಗ ಹಾಕಿರಲ್ಲ. ಬಾಗಿಲ ಹಿಂದೇನೇ ಇದೆ."

ಹೋದೆ. ಮಲಗುವ ಕೋಣೆಯ ಬೀರುವಿನ ಬಾಗಿಲು ತೆರೆದೆ. ಅದರ ಹಿಂದೆ, ಪ್ಲಾಸ್ಟಿಕ್ ಹೊದಿಕೆಯೊಳಗೆ, ನುಸಿಗುಳಿಗೆಯ ಪರಿಮಳ ಸೂಸುತ್ತ, ಆ ಹಸಿರು-ನೀಲಿ ಚೌಕಳಿಯ ವಸ್ತ್ರ ವಿರಾಜಮಾನವಾಗಿತ್ತು. ಉತ್ಸವಮೂರ್ತಿಯನ್ನು ತರುವಂತೆ ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದೆ.

ಮರುದಿನ ಬೆಳಗ್ಗೆ ಕನ್ನಡಿಯ ಮುಂದೆ ನಿಂತಾಗ ಇಶ್‌ಬೆಲ್ ಬಂದಳು.

"ಮುಖದಲ್ಲಿರೋ ನೆರಿಗೆ ಸಾಲ್ದು ಅಂತ ಸೊಂಟಕ್ಕೂ ಬೇಕಾಯ್ತಾ?"

"ಗೆಳೆಯನಿಗೆ ಕೊಟ್ಟ ಮಾತು ಕಣೇ."

"ನಿನ್ ಗೆಳೆಯ ಗಾಳದ ಕೋಲು. ನೀನು ಮೀನಿನ ಪೀಪಾಯಿ. ಮುಂದೆ ಮುಚ್ಚಿದ್ರೆ ಹಿಂದೆ ಬಂದರಿಗೆಲ್ಲ ಕಾಣುತ್ತೆ."

ಆದರೆ ಏನಾಶ್ಚರ್ಯ! ನನ್ನ ಕಟಿಪ್ರದೇಶಕ್ಕೆ ಅದು ಅಳತೆ ತೆಗೆದು ಹೊಲಿದಂತೆ ಕುಳಿತುಕೊಂಡಿತು. ಕಣ್ಣು ಮಂಜಾಯಿತು. ಸತ್ತ ಮೇಲೂ ನನ್ನ ಮಾನ ಕಾಯುವವನು! ಬಕಲ್ಲುಗಳು ಮಾತ್ರ ಎಡಗಡೆಗಿದ್ದವು. "ಲಾಕ್ಲನ್ ಎಡಚ ಅಲ್ವಾ, ಅದಕ್ಕೆ" ಎಂದು ವಿವರಿಸಿದೆ.

ಇಶ್‌ಬೆಲ್ ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿದಳು. ಬಾಯಿ ಮುಚ್ಚಿದಳು. (ನಮ್ಮ ದಾಂಪತ್ಯದ ಚರಿತ್ರೆಯಲ್ಲಿ ಇಂಥದ್ದು ನಡೆದಿರಲಿಲ್ಲ. ನನ್ನ ತೇಜಸ್ಸೇ ಕಾರಣವೆಂದು ತಿಳಿದೆ.)

"ಹೋಗ್ಬಾ" ಎಂದಳು. "ನಿಧಾನಕ್ಕೆ, ಎಲ್ಲರನ್ನೂ ಮಾತಾಡಿಸ್ಕೊಂಡು ಬಾ."

ಸಮುದ್ರದ ಗಾಳಿ ನನ್ನ ಕುಶಲ ವಿಚಾರಿಸಲು ಎಲ್ಲೆಲ್ಲಿಂದಲೋ ಬಂತು. ಊರಿನವರ ಪ್ರೀತಿಯೂ ಹಾಗೆಯೇ ಬಂತು. ಬ್ರೆಡ್ ಅಂಗಡಿಯ ಮೊರಾಗ್ ನನ್ನ ಸೊಂಟ ನೋಡಿ ಮೂಗು ಒರೆಸಿಕೊಂಡು, "ಈ ಬನ್ನು ನನ್ ಕಡೆಯಿಂದ, ಪಾಪ, ತಿನ್ನು" ಎಂದಳು. ಹುಟ್ಟಿದಂದಿನಿಂದ ಯಾರನ್ನೂ ಗೇಲಿ ಮಾಡದೆ ಬಿಡದ ಮಾಂಸದ ಅಂಗಡಿಯ ವುಲ್ಲಿ, ಟೋಪಿ ತೆಗೆದು, "ಚೆನ್ನಾಗ್ ಕಾಣ್ತೀಯ ಕಣೋ" ಎಂದ, ಜ್ವರದವರನ್ನು ಮಾತನಾಡಿಸುವ ದನಿಯಲ್ಲಿ. ಚರ್ಚಿನ ಪಾದ್ರಿಗಳು ಎರಡೂ ಕೈ ಹಿಡಿದುಕೊಂಡರು. "ದುಃಖ ಒಬ್ಬೊಬ್ಬರಲ್ಲಿ ಒಂದೊಂದು ರೂಪ ತಾಳುತ್ತೆ ಮರ್ಡೋ. ದೇವರು ಬಟ್ಟೆ ನೋಡಲ್ಲ."

ಲಾಕ್ಲನ್ ಎಂಥ ಮಹಾತ್ಮನಿರಬೇಕು, ಅವನ ಕಿಲ್ಟು ಕಂಡರೆ ಸಾಕು ಊರಿಗೆ ಊರೇ ಕರಗುತ್ತದೆ ಎಂದುಕೊಂಡು, ಬ್ರೆಡ್ಡು ಹಿಡಿದು ಎಫಿಯ ಮನೆಗೆ ದಯಮಾಡಿಸಿದೆ. ಅವಳು ತಂಗಿಯ ಮನೆಯಿಂದ ಬಂದಿದ್ದಳು. ಅಡುಗೆಮನೆಯಲ್ಲಿ ಇಶ್‌ಬೆಲ್ ನನಗಿಂತ ಮೊದಲೇ ಬಂದು ಕುಳಿತಿದ್ದಳು.

ಎಫಿಯ ಕೈಯಲ್ಲಿದ್ದ ಚಮಚ ನಿಂತಿತು.

"ಮರ್ಡೋ, ಸ್ವಲ್ಪ ತಿರುಗು."

ಗಾಂಭೀರ್ಯದಿಂದ ತಿರುಗಿದೆ.

"ಇನ್ನೊಂದ್ಸಲ."

ನೆರಿಗೆ ಅರಳುವಂತೆ ತಿರುಗಿದೆ.

"ಅಯ್ಯೋ ದೇವರೇ, ಅದು ನನ್ ಲಂಗ!"

"ಬಾಗಿಲ ಹಿಂದೆ ಅಂತ ನೀನೇ..."

"ಈ ಬಾಗಿಲು ಕಣೋ!" ಎಂದು ಎಫಿ ಅಡುಗೆಮನೆಯ ಹಿತ್ತಲ ಬಾಗಿಲನ್ನು ಎಳೆದಳು. ಅದರ ಹಿಂದೆ, ಒಂದು ಮೊಳೆಗೆ, ಮಳೆಯಂಗಿಯ ಪಕ್ಕದಲ್ಲಿ ಲಾಕ್ಲನ್‌ನ ಕಿಲ್ಟು ತೂಗುತ್ತಿತ್ತು: ಟಾರಿನ ಕಲೆ, ನಾಯಿಯ ಕೂದಲು, ಅಂಚಿನಲ್ಲಿ ಒಣಗಿದ ಮೀನಿನ ಪೊರೆ. "ಅವನು ಯಾವತ್ತು ಇದನ್ನ ಬೀರೂಲಿ ಇಟ್ಟಿದ್ದ? ಗಂಡಸರದ್ದು ಬಲಕ್ಕೆ ಮುಚ್ಚುತ್ತೆ, ಹೆಂಗಸರದ್ದು ಎಡಕ್ಕೆ. ತೊಟ್ಟಿಲ ಕೂಸಿಗೂ ಗೊತ್ತು! ಇದನ್ನುಟ್ಕೊಂಡು ಪಾದ್ರಿಗಳನ್ನೂ ನೋಡ್ಬಂದ್ಯಾ?"

ಬನ್ನಿನ ಅರ್ಥ, ಟೋಪಿಯ ಅರ್ಥ, ದೇವರು ಬಟ್ಟೆ ನೋಡದಿರುವುದರ ಅರ್ಥ, ಎಲ್ಲವೂ ಏಕಕಾಲಕ್ಕೆ ಹೊಳೆದವು. ಎಫಿ ಮೇಜಿಗೆ ಹಣೆಯಿಟ್ಟು ನಗತೊಡಗಿದಳು. ಮಣ್ಣು ಮಾಡಿ ಬಂದ ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಗು ನಡುವೆ ಅಳುವಾಯಿತು, ಅಳು ಮತ್ತೆ ನನ್ನ ಲಂಗ ಕಂಡು ನಗುವಾಯಿತು.

ನಾನು ಇಶ್‌ಬೆಲ್ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ಬಕಲ್ ನೋಡಿದ್ ತಕ್ಷಣ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಪ್ಯಾಂಟ್ ಹಾಕ್ಕೊಂಡು ಮತ್ತೆ ಕಿಟಕಿ ಹತ್ರ ಕೂತ್ಬಿಡ್ತಿದ್ದೆ. ಚಳಿಗಾಲ ಪೂರ್ತಿ ನಿನ್ ಬೆನ್ನು ನೋಡಿ ಸಾಕಾಗಿತ್ತು ಮರ್ಡೋ. ಲಂಗದಲ್ಲಾದ್ರೂ ಸರಿ, ಹೊರಗ್ ಹೋಗ್ಲಿ ಅನ್ನಿಸ್ತು."

ಇದಕ್ಕೆ ಕೊಡಬಹುದಾದ ಖಾರವಾದ ಉತ್ತರಗಳು ಹಲವಿದ್ದವು. ಅವನ್ನು ಬಿಟ್ಟು, ತಂದ ಬ್ರೆಡ್ಡನ್ನು ಅವಳ ಮುಂದಿಟ್ಟೆ.

ನಿಜವಾದ ಕಿಲ್ಟನ್ನು ಸುತ್ತಿ ನೋಡಿದೆವು. ಒಂದು ಗೇಣು ಸಾಲಲಿಲ್ಲ. ಇಬ್ಬರು ಹೆಂಗಸರೂ ನನ್ನ ಸುತ್ತಳತೆಯನ್ನು ಭೂಗೋಳಶಾಸ್ತ್ರಜ್ಞರಂತೆ ಚರ್ಚಿಸಿದರು. ಪಟ್ಟಿ ಬಿಚ್ಚಿ ಬಕಲ್ ಸರಿಸಿದರೆ ಸರಿಹೋಗುತ್ತದೆ ಎಂದು ತೀರ್ಮಾನವಾಯಿತು. ಎಫಿ ಸೂಜಿಗೆ ದಾರ ಪೋಣಿಸುತ್ತ, "ಹೋಟೆಲಿನವರಿಗೆ ಇಲ್ಲ ಅಂದ್ಬಿಡ್ತೀನಿ" ಎಂದಳು. ಆಮೇಲೆ, "ಟೀಗೆ ಹಾಲಿಲ್ಲ. ಹೋಗಿ ತಗೊಂಬಾ."

"ನನ್ ಪ್ಯಾಂಟು ಮನೇಲಿದೆ."

"ಉಟ್ಟಿದೀಯಲ್ಲ."

"ಇದ್ರಲ್ಲಾ?"

"ಊರೆಲ್ಲ ನೋಡಿದ್ದಾಯ್ತು, ಇನ್ನೇನು ಉಳಿದಿದೆ?" ಎಂದಳು ಇಶ್‌ಬೆಲ್, ದಾರ ಕಡಿಯುತ್ತ.

ಹೊರಟೆ. ಈ ಸಲ ಎದುರಾದವರನ್ನೆಲ್ಲ ನಾನೇ ನಿಲ್ಲಿಸಿ ಹೇಳಿದೆ, ಇದು ಎಫಿಯ ಲಂಗ ಎಂದು. ವುಲ್ಲಿ ಕಟ್ಟೆ ಹಿಡಿದುಕೊಂಡು ನಕ್ಕ. ನಕ್ಕು, ಲಾಕ್ಲನ್ ಬೇಲಿ ದಾಟುವಾಗ ಕಿಲ್ಟು ಸಿಕ್ಕಿಹಾಕಿಕೊಂಡು ನೇತಾಡಿದ ಕಥೆ ತೆಗೆದ. ಮೊರಾಗ್ ಅಂಗಡಿಯಿಂದ ಹೊರಗೆ ಬಂದು, ಅದು ಹಾಗಲ್ಲ ಹೀಗೆ ಎಂದು ತಿದ್ದಿದಳು. ನನಗೆ ಗೊತ್ತಿಲ್ಲದ ಲಾಕ್ಲನ್ ಇನ್ನೂ ಎಷ್ಟೋ ಮಂದಿಯ ಹತ್ತಿರ ಉಳಿದಿದ್ದ. ಎಲ್ಲರಿಗೂ ಮನಸ್ಸಿನಲ್ಲೇ ವಂದನೆ ಹೇಳಿ ಎಫಿಯ ಗೇಟಿನವರೆಗೆ ಬಂದಾಗ ಕೈ ಖಾಲಿಯಿರುವುದು ತಿಳಿಯಿತು.

ಹಾಲು ಮರೆತಿದ್ದೆ. ಹಾರುವ ನೆರಿಗೆಗಳನ್ನು ಒಂದು ಕೈಯಲ್ಲಿ ಅದುಮಿಕೊಂಡು ಮತ್ತೆ ಅಂಗಡಿಗೆ ಹೊರಟೆ.