ಮೋಡದ ಪಾಲಾದ ನನ್ನ ಹಲ್ಲು

ಬೇರೆಯವರ ಮನೇಲಿ ಫೋನು ಕೆಟ್ಟರೆ ರಿಪೇರಿಗೆ ಕೊಡ್ತಾರೆ, ಅಲ್ಲಿಗೆ ಮುಗೀತು. ನಮ್ಮನೇಲಿ ಫೋನು ನೆಟ್ಟಗೇ ಇರುತ್ತೆ, ಕೆಡೋದು ನಾವು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮನೆಗೆ ಸ್ಮಾರ್ಟ್‌ಫೋನು ಕಾಲಿಟ್ಟ ದಿನದಿಂದ ಒಂದಲ್ಲ ಒಂದು ಇದ್ದೇ ಇದೆ. ಮೂವತ್ತೆರಡು ವರ್ಷ ಶಾಲೇಲಿ ಮಕ್ಕಳ ಕಿವಿ ಹಿಂಡಿದವಳು ನಾನು. ಈ ಸಲ ಹದಿನಾಲ್ಕು ದಿನ ಎಲ್ಲರೂ ಸೇರ್ಕೊಂಡು ನನ್ನ ಕಿವೀನೇ ಹಿಂಡಿಬಿಟ್ರು.

೧. ಕಸದಬುಟ್ಟಿ

ನಮ್ಮೆಜಮಾನ್ರು ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿ ರಿಟೈರ್ ಆದವರು. ಈಗ ಅವರ ಡ್ಯೂಟಿ ಅಂದ್ರೆ ಮಠದ ಭಕ್ತರ ವಾಟ್ಸಾಪ್ ಗುಂಪಲ್ಲಿ ಬರೋ ಶುಭೋದಯದ ಶಿವನ್ನ ಬರಮಾಡ್ಕೊಳ್ಳೋದು. ಬೆಳಿಗ್ಗೆ ಆರರಿಂದ ಎಂಟರೊಳಗೆ ನಲವತ್ತು ಶಿವ. ಹಿಮದ ಮೇಲೆ ಶಿವ, ಗುಲಾಬಿ ಹೂವಿನೊಳಗೆ ಶಿವ, ಕಾಫಿ ಲೋಟದ ಪಕ್ಕದಲ್ಲಿ ಶಿವ. ಸೋಮವಾರ ಆದ್ರೆ ಎಂಬತ್ತು.

ಒಂದಿನ ಫೋನು ಇನ್ನು ಜಾಗ ಇಲ್ಲ ಅಂತು.

"ಹಳೇದನ್ನೆಲ್ಲ ಡಿಲೀಟ್ ಮಾಡ್ರೀ" ಅಂದೆ.

ಅವರು ಪರದೆ ಮೇಲಿನ ಗುರುತು ನೋಡಿ ಕೈ ಹಿಂದಕ್ಕೆ ತಗೊಂಡ್ರು. "ಇದು ಕಸದಬುಟ್ಟಿ ಕಣೇ! ಶಿವನ್ನ ಕಸದಬುಟ್ಟಿಗೆ ಹಾಕು ಅಂತೀಯಲ್ಲ, ಬಾಯಾದ್ರೂ ಹೆಂಗ್ ಬಂತು ನಿಂಗೆ?"

"ಮನೇಲಿ ದೇವರ ಫೋಟೋ ಹಳೇದಾದ್ರೆ ಏನ್ ಮಾಡ್ತೀವಿ?"

"ಅರಳೀಕಟ್ಟೆ ಮೇಲೆ ಇಟ್ಟು ಬರ್ತೀವಿ."

"ಹಂಗಾದ್ರೆ ಫೋನ್ ತಗೊಂಡೋಗಿ ಅರಳೀಕಟ್ಟೆ ಮೇಲೆ ಇಟ್ಟು ಬನ್ನಿ."

ಇಟ್ಟು ಬಂದಿದ್ರೆ ಎಷ್ಟೋ ಚೆನ್ನಾಗಿತ್ತು. ಅದರ ಬದಲು ಕೆಳಗಿದ್ದ ನೀಲಿ ಗುಂಡಿ ಒತ್ತಿದ್ರು. ಹೆಚ್ಚಿನ ಜಾಗ ಪಡೆಯಿರಿ ಅಂತ ಬರೆದಿತ್ತಂತೆ. ಪಿನ್ ಕೇಳ್ತು, ಕೊಟ್ರು. ಎಲ್ಲೋ ಕೂತು ಜನರ ಫೋಟೋ ಕಾಯೋ ಕ್ಲೌಡ್ ಕಂಪನಿಗೆ ಒಂದು ವರ್ಷದ ಪ್ಲಾನು ಅಂತ ಆರೂವರೆ ಸಾವಿರ ಟಣ್ ಅಂತ ಹೋಯ್ತು.

ಅದು ನನ್ನ ಹಲ್ಲಿನ ದುಡ್ಡು. ಹಿಂದಿನ ವಾರವಷ್ಟೇ ಮೇಲಿನ ಮುಂದಿನ ಎರಡು ಹಲ್ಲು ಕೀಳಿಸ್ಕೊಂಡಿದ್ದೆ. ತಂಗಿ ಮಗಳ ಮದುವೆ ಹೊತ್ತಿಗೆ ಕಟ್ಟಿಸ್ಕೋಬೇಕು ಅಂತ ಎತ್ತಿಟ್ಟಿದ್ದ ದುಡ್ಡು.

"ಬೇಜಾರ್ ಮಾಡ್ಕೋಬೇಡ ಕಣೇ, ಶಿವನಿಗೆ ಜಾಗ ಆಯ್ತಲ್ಲ" ಅಂದ್ರು.

"ಯಾಕೆ, ಕೈಲಾಸ ಸಾಲ್ದೇ ಹೋಯ್ತಾ ಅವನಿಗೆ?" ಅಂದೆ.

೨. ಬೆನ್ನು

ಕಂಪನಿಯವರ ಮೆಸೇಜು ಪೂರ್ತಿ ಓದಿದ ಮೇಲೆ ಜೀವ ಬಂತು. ಹದಿನಾಲ್ಕು ದಿನದೊಳಗೆ ಕ್ಯಾನ್ಸಲ್ ಮಾಡಿದ್ರೆ ಪೂರ್ತಿ ದುಡ್ಡು ವಾಪಸ್. ಅದಕ್ಕೆ ಮುಂಚೆ ನಿಮ್ಮ ಫೋಟೋಗಳನ್ನ ಒಮ್ಮೆ ನೋಡ್ಕೊಳ್ಳಿ ಅಂತಿತ್ತು. ನೋಡೋಣ ಅಂತ ತೆಗೆದೆ.

ಶಿವ, ಶಿವ, ಶಿವ, ಒಂದು ಬೆನ್ನು. ಹೆಂಗಸಿನ ಬೆನ್ನು. ಆಮೇಲೆ ಇನ್ನೊಂದು ಬೆನ್ನು. ದಾರ ಕಟ್ಟಿದ ಬ್ಲೌಸು, ಮಣಿ ಇಳಿಬಿಟ್ಟ ಬ್ಲೌಸು, ಪೂರ್ತಿ ಕಿಟಕಿ ತೆರೆದಂಗಿರೋ ಬ್ಲೌಸು. ಎಣಿಸ್ತಾ ಹೋದೆ, ನೂರು ದಾಟಿದ ಮೇಲೆ ಎಣಿಸೋಕೂ ನಾಚಿಕೆ ಆಯ್ತು. ಒಂದಕ್ಕೂ ಮುಖ ಇಲ್ಲ.

"ಏನ್ರೀ ಇದು?"

ಯಜಮಾನ್ರು ಕನ್ನಡಕ ಹಾಕ್ಕೊಂಡು ನೋಡಿ ಬೆವೆತುಹೋದ್ರು. "ನನ್ನ ಕೊರಳಲ್ಲಿರೋ ಲಿಂಗದಾಣೆ, ಇವರ್ಯಾರೂ ನಂಗೆ ಗೊತ್ತಿಲ್ಲ ಕಣೇ. ದಿನಾ ಬರ್ತಿದ್ವು. ಗುಂಪಲ್ಲಿ ಯಾರೋ ಕಳಿಸ್ತಾರೆ ಅಂತ ಸುಮ್ನಿದ್ದೆ."

"ಮಠದ ಗುಂಪಲ್ಲಿ ಬೆನ್ನು ಕಳಿಸ್ತಾರಾ?"

ಬೆನ್ನಿನ ಮಧ್ಯೆ ಮಧ್ಯೆ ಯಾರದೋ ಕರು ಹಾಕಿದ ಹಸು, ಯಾರದೋ ಹೊಸ ಟ್ರ್ಯಾಕ್ಟರು, ತೆಂಗಿನಕಾಯಿ ರಾಶಿ ಮುಂದೆ ನಿಂತ ಯಾರೋ ಅಜ್ಜ. ಒಂದೊಂದಕ್ಕೂ ನಮ್ಮೆಜಮಾನ್ರು ಕೆಂಪು ಹೃದಯ ಒತ್ತಿಟ್ಟಿದ್ರು. ಬೆನ್ನುಗಳಿಗೂ ಒತ್ತಿದ್ರು. ಕೇಳಿದ್ರೆ, "ಕಳಿಸಿದವರಿಗೆ ಬೇಜಾರಾಗಬಾರದಲ್ಲ" ಅಂದ್ರು. ಆ ರಾತ್ರಿ ಅವರಿಗೆ ಉಪ್ಪಿಲ್ಲದ ಸಾರೇ ಗತಿ.

೩. ಇಪ್ಪತ್ತೊಂಬತ್ತು

ಕ್ಯಾನ್ಸಲ್ ಒತ್ತಿದ್ರೆ ಪಾಸ್‌ವರ್ಡ್ ಕೇಳ್ತು. "ಹಂಗಂದ್ರೇನು?" ಅಂತ ಯಜಮಾನ್ರು ನನ್ನನ್ನೇ ಕೇಳಿದ್ರು. ಕಸ್ಟಮರ್ ಕೇರಿಗೆ ಮಾಡಿದ್ವಿ. ಐದು ದಿನ ಬರೀ ಸಂಗೀತ ಕೇಳಿದ್ವಿ. ಆರನೇ ದಿನ ಒಬ್ಬ ಹುಡುಗಿ ಸಿಕ್ಕಿದ್ಲು. ಪಾಪ, ಬಲು ವಿನಯ.

"ಖಾತೆದಾರರ ಹುಟ್ಟಿದ ದಿನಾಂಕ ಹೇಳಿ ಸರ್."

ಯಜಮಾನ್ರು ಮಾರ್ಕ್ಸ್ ಕಾರ್ಡಿನ ತಾರೀಕು ಹೇಳಿದ್ರು.

"ಹೊಂದ್ತಾ ಇಲ್ಲ ಸರ್."

"ಓ, ನಿಜವಾದ್ದು ಬೇಕಾ? ಅದು ಶಾಲೆಗೆ ಸೇರಿಸೋವಾಗ ಮೇಷ್ಟ್ರು ಬರ್ಕೊಂಡಿದ್ದು. ನಿಜವಾಗಿ ನಾನು ಹುಟ್ಟಿದ್ದು ರಾಗಿ ಕಣದ ಟೈಮಲ್ಲಂತೆ, ನಮ್ಮವ್ವ ಹೇಳೋಳು."

"ಕಣ ಅಲ್ಲ ಸರ್, ತಾರೀಕು."

"ಅವ್ವ ತಾರೀಕು ಹೇಳಿಲ್ಲಮ್ಮ."

ಆ ಹುಡುಗಿಗೂ ತಾಳ್ಮೆ ಕೆಟ್ಟಿತೇನೋ, ಬಾಯಿ ಜಾರಿ ಅಂದುಬಿಟ್ಲು: "ಸರ್, ನಮ್ಮ ಪ್ರಕಾರ ಖಾತೆದಾರರಿಗೆ ಈಗ ಇಪ್ಪತ್ತೊಂಬತ್ತು ವರ್ಷ."

ಫೋನ್ ಕಟ್ ಆಯ್ತು. ಯಜಮಾನ್ರು ಎದ್ದು ಕಟಿಂಗ್ ಶಾಪಿಗೆ ಹೋದ್ರು. ಬಂದಾಗ ಮೀಸೆ ಕಪ್ಪಗಿತ್ತು.

೪. ಒಂದೇ ಐಡಿ

ಇಪ್ಪತ್ತೊಂಬತ್ತು ವರ್ಷದವನು ಯಾರು ಅಂತ ಹೊಳೆಯೋಕೆ ನನಗೆ ಎರಡು ದಿನ ಬೇಕಾಯ್ತು. ಫೋನು ಕೊಂಡಿದ್ದು ಗುಬ್ಬೀಲಿ. ತುಮಕೂರಲ್ಲಿ ಬೀದಿಗೆ ನಾಲ್ಕು ಅಂಗಡಿ ಇದ್ರೂ ಅಲ್ಲಿಗೇ ಹೋಗಿದ್ದು ಯಾಕಪ್ಪ ಅಂದ್ರೆ, ಫೋನ್ ಜೊತೆ ಶಿವಪಾರ್ವತಿ ಕ್ಯಾಲೆಂಡರು ಫ್ರೀ. ಎಲ್ಲ ಸೆಟ್ ಮಾಡಿಕೊಟ್ಟಿದ್ದು ಆ ಅಂಗಡಿಯವನೇ. ಬಸ್ ಹತ್ತಿದ್ವಿ.

"ಏನಪ್ಪಾ, ನಮ್ಮ ಖಾತೆ ನಿನ್ನ ಹೆಸರಲ್ಲಿದ್ಯಾ?"

"ಹೂಂ ಆಂಟಿ, ನಂದೇ. ಒಬ್ಬೊಬ್ರಿಗೂ ಒಂದೊಂದು ಐಡಿ ಮಾಡಿದ್ರೆ ಪಾಸ್‌ವರ್ಡ್ ನೆನಪಿರಲ್ಲ ಅಂತವ್ರೆ, ಆಮೇಲೆ ನನ್ನ ತಲೆ ತಿಂತವ್ರೆ. ಅದಕ್ಕೆ ಎಲ್ರಿಗೂ ಒಂದೇ ಐಡಿ ಹಾಕ್ಬುಟ್ಟೆ."

"ಎಲ್ರಿಗೂ ಅಂದ್ರೆ?"

"ಒಂದಿಪ್ಪತ್ತು ಜನ ಇರ್ಬೋದು."

ಹಸು, ಟ್ರ್ಯಾಕ್ಟರು, ತೆಂಗಿನಕಾಯಿ ಅಜ್ಜ, ಎಲ್ಲ ಒಂದೇ ಗೋಡೌನಿನ ಸರಕು. ಜಾಗ ತುಂಬಿಸಿದ್ದು ಇಪ್ಪತ್ತು ಜನ, ಹಲ್ಲು ಕಳ್ಕೊಂಡವಳು ನಾನೊಬ್ಬಳು.

"ಆ ಪಾಸ್‌ವರ್ಡ್ ಹೇಳು ಮೊದಲು."

ಅವನು ತಲೆ ಕೆರ್ಕೊಂಡ. "ಅದೇ ಆಂಟಿ, ಮರ್ತೋಗೈತೆ."

ಹೊಸದು ಮಾಡೋಕೆ ಓಟಿಪಿ ಬರ್ಬೇಕು. ಅದು ಬರೋ ಹಳೇ ನಂಬರನ್ನ ಅವನು ಕುಣಿಗಲ್ಲಿಗೆ ಮದುವೆಯಾಗಿ ಹೋದ ಅಕ್ಕನಿಗೆ ಕೊಟ್ಟಿದ್ದ. ಅಕ್ಕ ಟೈಲರ್, ಅವಳ ಫೋನಿಗೂ ಅದೇ ಐಡಿ. ಬೆನ್ನುಗಳೆಲ್ಲ ಯಾರವು ಅಂತ ಆಗ ಗೊತ್ತಾಯ್ತು. ಯಜಮಾನ್ರು ಅಂಗಡಿ ಮಧ್ಯದಲ್ಲೇ ಕೈಯೆತ್ತಿ ಮುಗಿದು, "ಶಿವನೇ, ನನ್ನ ಮಾನ ಉಳಿಸಿದೆ" ಅಂದ್ರು.

ದುಡ್ಡು ಮಾತ್ರ ಉಳಿಸಿರಲಿಲ್ಲ.

೫. ಅಳತೆ

ಟೈಲರಮ್ಮ ಮೆಷಿನ್ ತುಳೀವಾಗ ಫೋನ್ ಎತ್ತಲ್ಲ. ಮದುವೆ ಸೀಸನ್ನು, ಹಗಲೆಲ್ಲ ತುಳೀತಾನೇ ಇರ್ತಾಳೆ. ಮೂರು ದಿನ ಫೋನ್ ಮಾಡಿ ಸಾಕಾಗಿ ಹದಿನಾಲ್ಕನೇ ದಿನ ನಾವೇ ಕುಣಿಗಲ್ಲಿಗೆ ಹೋದ್ವಿ. ಸಂಜೆ ಐದಕ್ಕೆ ಗಡುವು ಮುಗಿಯುತ್ತೆ ಅಂತ ಫೋನು ಗಂಟೆಗೊಂದು ಸಲ ಎಚ್ಚರಿಸ್ತಿತ್ತು. ಅಂಗಡಿ ಮುಟ್ಟಿದಾಗ ನಾಲ್ಕೂಕಾಲು.

ನಮ್ಮ ಫೋನಲ್ಲಿ ಒತ್ತಿದ್ವಿ, ಅವಳ ಫೋನಿಗೆ ಓಟಿಪಿ ಬಂತು. ಟೈಲರಮ್ಮ ಫೋನ್ ಕೈಲಿ ಹಿಡ್ಕೊಂಡು ಕೇಳಿದ್ಲು, "ಅಕ್ಕಾ, ಇದನ್ನ ಹೇಳಿದ್ರೆ ನನ್ನ ಫೋಟೋಗಳಿಗೆ ಏನೂ ಆಗಲ್ಲ ಅಲ್ವಾ?"

ನಾನು ಹೂಂ ಅನ್ನೋದ್ರಲ್ಲಿದ್ದೆ. ಅಷ್ಟರಲ್ಲಿ ಹರಿಶ್ಚಂದ್ರನ ವಂಶದವರು ಬಾಯಿ ಹಾಕಿದ್ರು. "ಆಗುತ್ತಮ್ಮ. ಜಾಗ ಕಮ್ಮಿ ಆದ್ರೆ ಹೋಗ್ತವಂತೆ."

ಅವಳ ಮುಖ ಸಣ್ಣಗಾಯ್ತು. "ಆರು ವರ್ಷದ ಡಿಸೈನು ಅಕ್ಕಾ. ಇದ್ನ ತೋರಿಸೇ ಗಿರಾಕಿ ಹಿಡಿಯೋದು. ಇದೊಂದು ಹೋದ್ರೆ ನಾನು ಮೆಷಿನ್ ಮಾರಿ ಕೂತ್ಕೋಬೇಕು" ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡ್ಲು.

ನನಗೂ ಅಳು ಬಂತು. ಅವಳ ಕಷ್ಟಕ್ಕೆ ಅರ್ಧ, ನನ್ನ ಹಲ್ಲಿಗೆ ಅರ್ಧ. ಎದುರಿಗೆ ಓಟಿಪಿ ಕಾಣ್ತಿತ್ತು, ಆರು ಅಂಕಿ. ಓದ್ಕೊಂಡು ಒತ್ತಿದ್ರೆ ಮುಗೀತು. ಕೈ ಏಳಲಿಲ್ಲ.

"ಹೋಗ್ಲಿ ಬಿಡಮ್ಮ" ಅಂದೆ.

ಅವಳು ತಕ್ಷಣ ಎದ್ದು ಟೇಪು ತಗೊಂಡ್ಲು. "ಮದುವೆಗೆ ನಿಮ್ಮ ಬ್ಲೌಸು ನಾನೇ ಹೊಲ್ಕೊಡ್ತೀನಿ, ಒಂದು ಪೈಸೆ ಬೇಡ. ತಿರುಗಿ ಅಕ್ಕಾ, ಬೆನ್ನು ಎಷ್ಟು ಇಳಿಸಲಿ?"

ಈ ವಯಸ್ಸಲ್ಲಿ ಬೆನ್ನು ಇಳಿಸೋ ಮಾತು ಕೇಳಿ, ಎಷ್ಟು ತಡ್ಕೊಂಡ್ರೂ ಆಗ್ದೆ, ಬಾಯಿ ಬಿಟ್ಟು ನಕ್ಕುಬಿಟ್ಟೆ. ಹದಿನಾಲ್ಕು ದಿನದಲ್ಲಿ ನಕ್ಕಿದ್ದು ಅದೊಂದೇ ಸಲ. ಯಜಮಾನ್ರು ಅದೇ ಹೊತ್ತಿಗೆ ಫೋಟೋ ತೆಗೆದ್ರು. ಗಂಟೆ ಐದಾಯ್ತು.

೬. ನಗು

ಮದುವೇಲಿ ಎರಡು ದಿನ ತುಟಿ ಬಿಚ್ಚಲಿಲ್ಲ. ಫೋಟೋಗ್ರಾಫರ್ ನಗಿ ಅಂದ್ರೆ ಸೆರಗು ಅಡ್ಡ ಹಿಡಿದೆ, ಬೀಗರು ಮಾತಾಡಿಸಿದ್ರೆ ತಲೆ ಆಡಿಸಿದೆ. ಅವರ ಕಡೆಯವರು ಹುಡುಗಿ ದೊಡ್ಡಮ್ಮನಿಗೆ ಬಲು ಜಂಬ ಅಂತ ಮಾತಾಡ್ಕೊಂಡ್ರಂತೆ. ಆಡ್ಕೊಳ್ಳಿ, ಬಾಯಿ ಬೊಕ್ಕು ಅಂದಿಲ್ವಲ್ಲ ಅಂತ ಸಮಾಧಾನ ಪಟ್ಕೊಂಡು ಊರಿಗೆ ಬಂದೆ.

ಮಾರನೇ ದಿನ ಗುಬ್ಬಿ ಅಂಗಡಿಯವನ ಫೋನು.

"ಆಂಟಿ, ನಿಮ್ಮ ಬೊಕ್ಕುಬಾಯಿ ಫೋಟೋ ಇಪ್ಪತ್ತು ಜನದ ಫೋನಿಗೂ ಬಂದೈತೆ. ಯಾರಣ್ಣ ಈ ಯಮ್ಮ ಅಂತ ಎಲ್ರೂ ಕೇಳ್ತಾವ್ರೆ. ನಮ್ಗೆಲ್ಲ ಸ್ಟೋರೇಜ್ ಕಟ್ಟೋರು ಇವ್ರೇ ಅಂದೆ. ಭಾರೀ ಖುಷಿಯಾಗವ್ರೆ ಬುಡಿ. ತೆಂಗಿನಕಾಯಿ ಅಜ್ಜ ಅಂತೂ ಹೃದಯ ಒತ್ತವ್ನೆ."

ಫೋನಲ್ಲಿ ಕಾಣಲ್ಲ ಅಂತ ಗೊತ್ತಿದ್ರೂ ಸೆರಗು ಬಾಯಿಗೆ ಅಡ್ಡ ಹಿಡಿದೆ.

"ಇನ್ನೊಂದು ಆಂಟಿ, ಈ ಪ್ಲಾನು ಮುಗಿಯೋ ತಾರೀಕು ಮರೀಬೇಡಿ, ಎಲ್ರೂ ನಿಮ್ಮನ್ನೇ ನಂಬ್ಕೊಂಡವ್ರೆ."

ಫೋನ್ ಇಟ್ಟು ಯಜಮಾನ್ರ ಮುಂದೆ ಹೋಗಿ ನಿಂತೆ. "ರೀ, ಕೈ ಮುಗೀತೀನಿ. ಆ ಫೋಟೋ ಒಂದನ್ನಾದ್ರೂ ಡಿಲೀಟ್ ಮಾಡಿ. ನೀವು ಇಲ್ಲಿ ಅಳಿಸಿದ್ರೆ ಇಪ್ಪತ್ತು ಕಡೆನೂ ಹೋಗುತ್ತೆ."

ಅವರು ಫೋನ್ ತಗೊಂಡ್ರು. ನನ್ನ ಫೋಟೋ ಹುಡುಕಿ ಪರದೆ ಮೇಲೆ ತಂದ್ರು. ಬೆರಳು ಕೆಳಗಿನ ಗುರುತಿನ ತನಕ ಹೋಯ್ತು, ಅಲ್ಲೇ ನಿಂತ್ಕೊಳ್ತು.

"ಆಗಲ್ಲ ಕಣೇ" ಅಂದ್ರು.

"ಯಾಕಾಗಲ್ಲ?"

"ಕಸದಬುಟ್ಟಿ ಕಣೇ ಇದು. ನಿನ್ನ ಹೆಂಗೆ ಹಾಕ್ಲಿ?"