ಖಾಲಿ ಮಿಕ್ಸಿಯ ಸದ್ದು

ಆ ಮನೆಯ ಬಾಗಿಲು ಕಾಯುವ ಕೆಲಸವನ್ನು ಅಜ್ಜಿಗೆ ಯಾರೂ ಒಪ್ಪಿಸಿರಲಿಲ್ಲ. ಮಗಳ ಹೆರಿಗೆಯಾದ ಮೇಲೆ ಒಂದು ಕೈ ನೆರವಾಗಲಿ ಎಂದು ಬಂದವಳು, ಮಕ್ಕಳ ಡಾಕ್ಟರಮ್ಮನ ಮಾತು ಕಿವಿಗೆ ಬಿದ್ದದ್ದೇ ತಡ, ಆ ಪದವಿಯನ್ನು ತಾನೇ ಅಲಂಕರಿಸಿಬಿಟ್ಟಳು. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಚಳಿ ಶುರುವಾಗಿದೆ, ಊರಿಗೆಲ್ಲ ನೆಗಡಿ. ದೊಡ್ಡವರಿಗೆ ಮೂಗು ಸೋರಿಸಿ ಹೋಗುವ ವೈರಸ್ಸು ಎರಡು ತಿಂಗಳ ಕೂಸಿನ ಎದೆಗಿಳಿದರೆ ಉಸಿರಿಗೇ ಕಷ್ಟ. ಕೈ ತೊಳೆಯದೆ ಮುಟ್ಟಬೇಡಿ, ಮುಖಕ್ಕೆ ಮುತ್ತು ಕೊಡಬೇಡಿ, ಕೆಮ್ಮು ನೆಗಡಿ ಇದ್ದವರು ಹತ್ತಿರ ಸುಳಿಯಬೇಡಿ.

ಅಂದಿನಿಂದ ಅಜ್ಜಿ ಹೊಸ್ತಿಲಲ್ಲಿ ಸೋಪು ಹಿಡಿದು ನಿಂತಳು. ಗುಬ್ಬಿಯನ್ನು (ಕೂಸಿಗೆ ಇಟ್ಟ ಮುದ್ದಿನ ಹೆಸರು) ನೋಡಲು ಇಳಿದುಬಂದ ಮೇಲಿನ ಮನೆಯಾಕೆ ಮೆಟ್ಟಿಲ ಮೇಲೆ ಒಂದೇ ಒಂದು ಸಲ ಸೀನಿದಳು.

"ಧೂಳು ಕಣ್ರೀ," ಎಂದು ಆಕೆ ಗೋಗರೆದಳು.

"ಧೂಳು ಇಳಿದ ಮೇಲೆ ಬನ್ನಿ," ಎಂದು ಅಜ್ಜಿ ಬಾಗಿಲು ಹಾಕಿದಳು.

ಒಡಹುಟ್ಟಿದ ತಂಗಿಗೂ ರಿಯಾಯಿತಿ ಸಿಗಲಿಲ್ಲ. ಅವಳನ್ನು ಕಿಟಕಿಯಾಚೆ ನಿಲ್ಲಿಸಿ, ಒಡವೆ ಅಂಗಡಿಯವರು ಗಾಜಿನ ಹಿಂದಿನಿಂದ ಸರ ತೋರಿಸುವಂತೆ, ಕೂಸನ್ನು ತೋರಿಸಿ ಕಳಿಸಿದಳು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಅಳಿಯನಂತೂ ಸಂಜೆ ಬಂದೊಡನೆ ಎರಡೂ ಕೈ ಚಾಚಿ ಸೋಪಿಗಾಗಿ ಕಾಯುವುದನ್ನು ರೂಢಿಸಿಕೊಂಡ.

ಹೀಗಿರುವಾಗ ಒಂದು ಬೆಳಿಗ್ಗೆ ಅಜ್ಜಿಯ ಗಂಟಲಲ್ಲೇ ಕೆರೆತ ಶುರುವಾಯಿತು.

ಬೇರೆ ಯಾರಾದರೂ ಆಗಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದರು. ಆದರೆ ಅಜ್ಜಿ ಮದುವೆಯಾಗಿ ಸೇರಿದ ತುಂಬಿದ ಮನೆಯಲ್ಲಿ ಗಂಡಸರು ಸೀನಿದರೆ ಬಿಸಿನೀರು, ಕಂಬಳಿ ಬರುತ್ತಿದ್ದವು. ಹೆಂಗಸರು ಸೀನಿದರೆ "ಪಾತ್ರೆಗೆ ಹಾರೀತು, ಆ ಕಡೆ ತಿರುಗು" ಎಂಬ ಮಾತು ಬರುತ್ತಿತ್ತು. ಆ ಕಡೆ ತಿರುಗಿ ಸೀನಿ, ಈ ಕಡೆ ತಿರುಗಿ ಹಿಟ್ಟು ಕಲಸುತ್ತ ಅವಳು ಒಂದು ಮಹಾವಿದ್ಯೆಯನ್ನು ಸಿದ್ಧಿಸಿಕೊಂಡಿದ್ದಳು. ಸೀನು ಬಂದರೆ ಕುಕ್ಕರಿನ ಕೂಗಿಗೆ ಜೋಡಿಸುವುದು, ಕೆಮ್ಮು ಬಂದರೆ ಮಿಕ್ಸಿಯ ಗದ್ದಲದಲ್ಲಿ ಮುಗಿಸುವುದು.

ಈಗ ಹೇಳಿದರೆ ತನ್ನನ್ನು ಮುಂದಿನ ಕೋಣೆಗೆ ಹಾಕುತ್ತಾರೆ. ಆಮೇಲೆ ಅಡುಗೆ? ಬಕೆಟ್ಟು ತುಂಬಿದ ಬಟ್ಟೆ? ರಾತ್ರಿಯೆಲ್ಲ ಹಾಲೂಡಿಸುವ ಮಗಳಿಗೆ ಬೆಳಿಗ್ಗೆ ಸಿಗುವ ಒಂದು ತುಂಡು ನಿದ್ದೆ? ಅದೂ ಅಲ್ಲದೆ ಗುಬ್ಬಿ ಮಲಗುತ್ತಿದ್ದದ್ದು ಅಜ್ಜಿಯ ಎಡ ಹೆಗಲ ಮೇಲೆ ಮಾತ್ರ. ಆ ಪುಟ್ಟ ಭಾರವನ್ನು ಬಿಟ್ಟುಕೊಡಲು ಅವಳಿಗೇ ಮನಸ್ಸಿರಲಿಲ್ಲ (ಇದನ್ನು ಒಪ್ಪಿಕೊಂಡಿದ್ದು ಆಮೇಲೆ, ತುಂಬಾ ಆಮೇಲೆ).

ಸರಿ, ಮಿಕ್ಸಿ ಗುಂಯ್‌ಗುಡತೊಡಗಿತು.

"ಅತ್ತೆ, ಏನು ಪುಡಿ ಮಾಡ್ತಿದೀರಿ?" ಅಳಿಯ ಕೇಳಿದ.

"ಕಾಳುಮೆಣಸು."

"ಬೆಳಿಗ್ಗೆ ಮಾಡಿದ್ರಲ್ಲ?"

"ಅದು ತರಿತರಿಯಾಗಿತ್ತು."

"ಇವತ್ತು ನನ್ನ ಕಾರಿಗಿಂತ ನಿಮ್ಮ ಮಿಕ್ಸಿನೇ ಜಾಸ್ತಿ ಓಡಿದೆ ನೋಡಿ."

ಕಾಳುಮೆಣಸು ಮುಗಿದು ಸರದಿ ಧನಿಯಾಕ್ಕೆ ಇಳಿಯಿತು. ಧನಿಯಾ ಮುಗಿದ ಮೇಲೆ ಸಕ್ಕರೆ. ಅದೂ ಮುಗಿದ ಮೇಲೆ ಅಜ್ಜಿ ಖಾಲಿ ಜಾರನ್ನೇ ಕೂರಿಸಿ, ಮುಚ್ಚಳದ ಮೇಲೆ ಕೈಯಿಟ್ಟು, ಹೊಟ್ಟೆ ಹಿಡಿದುಕೊಂಡು ಕೆಮ್ಮಿದಳು. ಕೆಮ್ಮಿ, ಬಾಯಿ ಒರೆಸಿ, ಕೈಯನ್ನು ಬಹಳ ಶ್ರದ್ಧೆಯಿಂದ ಸೋಪು ಹಾಕಿ ತೊಳೆದು, ಕೂಸನ್ನು ಹೆಗಲಿಗೇರಿಸಿಕೊಂಡಳು. ಕೈ ತೊಳೆದರೆ ಸಾಕು ಅಂದುಕೊಂಡಳು. ಉಸಿರನ್ನು ತೊಳೆಯುವ ಸೋಪು ಇಲ್ಲವೆಂದು ಅವಳಿಗೆ ಹೊಳೆಯಲಿಲ್ಲ. ಅಥವಾ ಹೊಳೆದರೂ ಅವಳು ಆ ಕಡೆ ತಿರುಗಿದಳು.

ನಾಲ್ಕನೆಯ ದಿನ ಗುಬ್ಬಿಯ ಮೂಗು ಕಟ್ಟಿತು. ಮಾರನೆಯ ಬೆಳಿಗ್ಗೆ ಹಾಲಿಗೆ ಬಾಯಿಟ್ಟಿತು, ಬಿಟ್ಟಿತು; ಇಟ್ಟಿತು, ಬಿಟ್ಟಿತು. ಅಂಗಿ ಎತ್ತಿ ನೋಡಿದರೆ ಉಸಿರು ಎಳೆದಾಗಲೆಲ್ಲ ಪಕ್ಕೆಯ ಕೆಳಗೆ ಚರ್ಮ ಒಳಕ್ಕೆ ಹೋಗುತ್ತಿತ್ತು. ಸದಾ ಕಲಿಯುವವರಿಗೆ "ನಿಧಾನ, ನಿಧಾನ" ಎನ್ನುವ ಅಳಿಯ ಅಂದು ಆಸ್ಪತ್ರೆಗೆ ಕಾರು ಓಡಿಸಿದ ರೀತಿಯನ್ನು ಅವನ ಶಿಷ್ಯರು ನೋಡದಿದ್ದದ್ದೇ ಒಳ್ಳೆಯದಾಯಿತು.

ಕೂಸಿನ ಮೂಗಿಗೆ ಸಣ್ಣ ನಳಿಕೆಯಲ್ಲಿ ಆಮ್ಲಜನಕ ಹಾಕಿದರು. ಡಾಕ್ಟರಮ್ಮ ಕೇಳಿದರು, "ಮನೇಲಿ ಯಾರಿಗಾದ್ರೂ ಶೀತ ಇದೆಯಾ?"

ಮಗಳು ಗಂಡನ ಕಡೆ ತಿರುಗಿದಳು. "ಇನ್ಯಾರು, ಇವರೇ ತಂದಿರ್ಬೇಕು. ದಿನವೆಲ್ಲ ಕಂಡಕಂಡವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡ್ತಾರೆ."

"ನಂಗೇನೂ ಆಗಿಲ್ವಲ್ಲೇ," ಅಂದ ಅಳಿಯ. ನಳಿಕೆಯ ಕಡೆ ನೋಡಿ ದನಿ ತಗ್ಗಿಸಿದ. "ಇರಬಹುದು ಬಿಡು. ನಾನೇ ಇರಬಹುದು."

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅದೇ ಎಡವಟ್ಟಾಯಿತು. ಆಸ್ಪತ್ರೆಯಲ್ಲಿ ಮಿಕ್ಸಿ ಇರಲಿಲ್ಲ. ಅಷ್ಟು ದಿನ ಹಿಡಿದಿಟ್ಟ ಕೆಮ್ಮು ಕಟ್ಟೆಯೊಡೆದು ಬಂತು. ಸೆರಗು ಬಾಯಿಗೊತ್ತಿಕೊಂಡು ಗೋಡೆ ಹಿಡಿದವಳು ಕೆಮ್ಮಿದಳು, ಕೆಮ್ಮಿದಳು. ಕೆಮ್ಮು ನಿಂತಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಕಾಳುಮೆಣಸು," ಅಂದ ಅಳಿಯ, ಮೆಲ್ಲಗೆ.

"ಯಾಕಮ್ಮಾ ಹೇಳ್ಲಿಲ್ಲ?" ಮಗಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಅಜ್ಜಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೇಳಿದ್ರೆ ಕೆಲಸ ಯಾರೇ ಮಾಡ್ತಿದ್ರು?"

ಡಾಕ್ಟರಮ್ಮ ಒಂದು ಮಾಸ್ಕು ತೆಗೆದು ಅಜ್ಜಿಯ ಕೈಗಿಟ್ಟರು.

ಗುಬ್ಬಿ ಗೆದ್ದು ಮನೆಗೆ ಬಂತು. ಮತ್ತೆ ಚೀಪಿ ಚೀಪಿ ಹಾಲು ಕುಡಿಯಿತು. ಮುಂದಿನ ಕೋಣೆಯಲ್ಲಿ ಬಂದಿಯಾದ ಅಜ್ಜಿಗೆ ಜೀವಮಾನದಲ್ಲಿ ಮೊದಲ ಸಲ ಹೊತ್ತಿಗೆ ಸರಿಯಾಗಿ ತಟ್ಟೆ ಬಂತು, ಬಿಸಿನೀರು ಬಂತು, ಕಂಬಳಿಯೂ ಬಂತು. ಅಳಿಯ ತಟ್ಟೆ ಇಟ್ಟು, "ಆರಾಮಾಗಿರಿ ಅತ್ತೆ," ಎಂದು ಹೋಗುತ್ತಿದ್ದ. ಆರಾಮಾಗಿರುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಆ ತಟ್ಟೆಯನ್ನು ತುಂಬಿಸಿದ್ದು ಯಾರೆಂದು ಮಾತ್ರ ಗೊತ್ತಿತ್ತು. ಖಾಲಿಯಾದ ಎಡ ಹೆಗಲನ್ನು ಬಲಗೈಯಲ್ಲಿ ಹಿಡಿದುಕೊಂಡು ಒಳಗಿನ ಸದ್ದುಗಳನ್ನು ಕೇಳುತ್ತಿದ್ದಳು. ನಲ್ಲಿ. ಪಾತ್ರೆ. ಬಕೆಟ್ಟು.

ಆಮೇಲೆ ಒಂದು ಮಧ್ಯಾಹ್ನ, ಮಿಕ್ಸಿ.

ಅಜ್ಜಿ ಕಿವಿ ನಿಮಿರಿಸಿದಳು. ಮಿಕ್ಸಿ ನಿಂತಿತು. ಮತ್ತೆ ಶುರುವಾಯಿತು. ಈ ಮನೆಯಲ್ಲಿ ಪುಡಿ ಮಾಡುವುದಕ್ಕೆ ಇನ್ನೇನೂ ಉಳಿದಿಲ್ಲವೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಯಾರು?

ಮಾಸ್ಕು ಏರಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಮಗಳು ಒಂದು ಕೈಯನ್ನು ಮುಚ್ಚಳದ ಮೇಲಿಟ್ಟು, ಇನ್ನೊಂದರಲ್ಲಿ ಹೊಟ್ಟೆ ಹಿಡಿದು, ಆ ಕಡೆ ತಿರುಗಿ ಬಗ್ಗಿದ್ದಳು.

ಅಜ್ಜಿ ಪ್ಲಗ್ಗು ಕಿತ್ತಳು. ಕೆಮ್ಮಿನ ಕೊನೆಯ ತುಂಡು ನಿಶ್ಶಬ್ದದಲ್ಲಿ ಸಿಕ್ಕಿಬಿದ್ದಿತು.

"ಏನು ಪುಡಿ ಮಾಡ್ತಿದೀಯ?"

"ಧನಿಯಾ," ಅಂದಳು ಮಗಳು. ಅಜ್ಜಿ ಮುಚ್ಚಳ ತೆಗೆದಳು. ಜಾರಿನ ತಳದಲ್ಲಿ ಬ್ಲೇಡು ಹೊಳೆಯುತ್ತಿತ್ತು.

"ಹೇಳಿದ್ರೆ ಕೆಲಸ ಯಾರಮ್ಮಾ ಮಾಡ್ತಾರೆ? ನೀನೂ ಮಲಗಿದೀಯ."

ತಾನು ಮಗಳಿಗೆ ಓದು ಕಲಿಸಿದ್ದಳು, ಈಜು ಕಲಿಸಿದ್ದಳು. ಇದನ್ನು ಕಲಿಸಿದ್ದು ಯಾವಾಗ ಎಂದು ಅಜ್ಜಿ ನೆನಪಿಸಿಕೊಳ್ಳಲು ನೋಡಿದಳು.

"ಕೆಮ್ಮು," ಅಂದಳು.

"ಏನು?"

"ಮಾಸ್ಕ್ ಹಾಕ್ಕೊಂಡು ಗಟ್ಟಿಯಾಗಿ ಕೆಮ್ಮು. ಪಡಸಾಲೇಲಿ ಕೂತಿರೋ ನಿನ್ನ ಗಂಡನಿಗೆ ಕೇಳ್ಬೇಕು."

ಮಗಳು ಕೆಮ್ಮಿದಳು, ಅನ್ಯರ ಮನೆಯ ಬಾಗಿಲು ತಟ್ಟಿದ ಹಾಗೆ.

"ಅದೇನು ಕೆಮ್ಮೇ? ನೋಡು ಹೀಗೆ," ಎಂದು ಅಜ್ಜಿ ಗೋಡೆ ಅದುರುವಂತೆ ಕೆಮ್ಮಿ ತೋರಿಸಿದಳು. ಮಗಳಿಗೆ ನಗು ಬಂತು, ನಗುವಿನಿಂದ ನಿಜವಾದ ಕೆಮ್ಮು ಬಂತು.

ಅಳಿಯ ಓಡಿಬಂದ. ಇಬ್ಬರನ್ನೂ ನೋಡಿದ, ಕಿತ್ತ ಪ್ಲಗ್ಗನ್ನು ನೋಡಿದ. ಅಡುಗೆಮನೆಯನ್ನು ಮೊದಲ ಸಲ ನೋಡುವವನಂತೆ ಸುತ್ತಲೂ ನೋಡಿದ. ಆಮೇಲೆ ಯಾರೂ ಹೇಳದೆಯೇ ಎರಡೂ ಕೈ ಚಾಚಿದ.

ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದರಿಂದ ಮಗಳು ಮಾಸ್ಕು ಹಾಕಿಕೊಂಡು ಹಾಲು ಮಾತ್ರ ಕೊಟ್ಟಳು. ಮಿಕ್ಕಿದ್ದೆಲ್ಲ ಅಳಿಯನ ಪಾಲಿಗೆ ಬಂತು. ಒಳಗೆ ಒಂದು ಪಾತ್ರೆ ಬಿತ್ತು. ಇನ್ನೊಂದು ಬಿತ್ತು. "ಅತ್ತೆ, ಕೂಸಿನ ಬಟ್ಟೆ ಎಲ್ಲಿದೆ?" ಎಂಬ ಕೂಗು ಬಂತು. ಹಾಸಿಗೆಯ ಮೇಲೆ ಕೂತಿದ್ದ ಅಜ್ಜಿ ಎದ್ದೇಬಿಟ್ಟವಳು, ಮತ್ತೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡಳು. ಖಾಲಿ ಮಿಕ್ಸಿ ಓಡಿಸುವುದಕ್ಕಿಂತ ಇದು ಕಷ್ಟದ ಕೆಲಸವಾಗಿತ್ತು.